ಗಂಡ ಅಫಿಡವಿಟ್‌ನಲ್ಲಿ ತಿಂಗಳಿಗೆ 18,000 ಅಂತ ಬರೆದಿದ್ದಾರೆ. ನಿಜವಾದ ಆದಾಯ, ಆಸ್ತಿ ಕೋರ್ಟಿಗೆ ತೋರಿಸೋದು ಹೇಗೆ?

ತುಂಗೆಯ ದಡ (ಸೋಮವಾರ, ರಾತ್ರಿ 10.40)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೀ ಓದ್ತಾ ಇದ್ದೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ನಮ್ಮದು ಶಿವಮೊಗ್ಗ ಜಿಲ್ಲೆ. ಮದುವೆಯಾಗಿ 11 ವರ್ಷ. ಮಗಳು ನಾಲ್ಕನೇ ಕ್ಲಾಸು. ಕಳೆದ ವರ್ಷದಿಂದ ನಾನೂ ಮಗಳೂ ಅಪ್ಪನ ಮನೆಯಲ್ಲಿದ್ದೇವೆ. ಯಾಕೆ ಬಂದೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಮೊದಲು ಗಂಡನಿಗೆ ಲೀಗಲ್ ನೋಟಿಸು ಕಳಿಸಿದ್ದೆ, ಆಮೇಲೆ ಜೀವನಾಂಶಕ್ಕೆ ಅರ್ಜಿ ಹಾಕಿ ಐದು ತಿಂಗಳಾಯ್ತು.

ನನ್ನ ಗಂಡ ಅವರ ಅಣ್ಣನ ಜೊತೆ ಸೇರಿ ಸಿಮೆಂಟು, ಕಬ್ಬಿಣದ ವ್ಯಾಪಾರ ಮಾಡುತ್ತಾರೆ. ಮನೆ ಕಟ್ಟಿಸುವ ಕಾಂಟ್ರಾಕ್ಟೂ ಹಿಡಿಯುತ್ತಾರೆ. ಹೋದ ವಾರ ಅವರ ಕಡೆಯಿಂದ ಆಸ್ತಿ-ಸಾಲದ ಅಫಿಡವಿಟ್ ಬಂತು. ಅದರಲ್ಲಿ 'ಅಣ್ಣನ ಅಂಗಡಿಯಲ್ಲಿ ಸೂಪರ್‌ವೈಸರ್, ಸಂಬಳ 18,000 ರೂಪಾಯಿ' ಅಂತಿದೆ. ಸ್ಥಿರಾಸ್ತಿ ಅನ್ನುವ ಜಾಗದಲ್ಲಿ 'ಇಲ್ಲ'. ಓದಿ ಕೈಕಾಲು ತಣ್ಣಗಾಯ್ತು. 2018ರಲ್ಲಿ ಒಂದು ಮೂವತ್ತು-ನಲವತ್ತು ಸೈಟು ತಗೊಂಡಿದ್ದೆವು. ದುಡ್ಡು ಸಾಲದೆ ನನ್ನ ಅಮ್ಮ ಹಾಕಿದ್ದ ಎರಡೆಳೆ ಸರ, ನಾಲ್ಕು ಬಳೆ ಸೊಸೈಟಿಯಲ್ಲಿ ಅಡ ಇಟ್ಟೆವು. ಅದನ್ನು ಬಿಡಿಸಲೇ ಇಲ್ಲ. ಆ ಸೈಟು ಈಗ ಅತ್ತೆ ಹೆಸರಿನಲ್ಲಿದೆ ಅಂತ ಪಕ್ಕದವರು ಹೇಳ್ತಾರೆ.

ಇನ್ನೊಂದು ವಿಷಯ. ಅರ್ಜಿ ಹಾಕುವಾಗ ನನಗೆ ಯಾವ ಆದಾಯವೂ ಇರಲಿಲ್ಲ, ಹಾಗೇ ಬರೆದಿದ್ದೆ. ಈಗ ಮೂರು ತಿಂಗಳಿಂದ ಸಂಜೆ 9 ಮಕ್ಕಳಿಗೆ ಟ್ಯೂಷನ್ ಹೇಳ್ತೀನಿ. ತಿಂಗಳಿಗೆ 5,400 ಬರುತ್ತದೆ. ಅದನ್ನು ಕೋರ್ಟಿಗೆ ಹೇಳಬೇಕಾ? 'ಕೈಗೆ ಬರೋ ದುಡ್ಡು ಯಾರಿಗೆ ಗೊತ್ತಾಗುತ್ತೆ, ಸುಮ್ನಿರು' ಅಂತಾರೆ ನಮ್ಮ ಚಿಕ್ಕಪ್ಪ.

ಹಳೇ ಪೇಟೆ

ಮೇಡಂ, ಟ್ಯೂಷನ್ ವಿಷಯ ಬಾಯಿ ಬಿಡಬೇಡಿ. ನನ್ನ ತಂಗಿ ಹೊಲಿಗೆಯಿಂದ ಬರುವ ಮೂರು ಸಾವಿರ ಹೇಳಿಕೊಂಡಳು. ಎದುರಿನ ವಕೀಲರು ಅದನ್ನೇ ಹಿಡಿದು ಅರ್ಧ ಗಂಟೆ ಎಳೆದರು. ಅವರು ಇಡೀ ಸೈಟು ಮುಚ್ಚಿಟ್ಟಿದ್ದಾರೆ. ನೀವು ಐದು ಸಾವಿರಕ್ಕೆ ಯಾಕೆ ಹೆದರಬೇಕು?

ಕಪ್ಪು ಕೋಟು

ಹಳೇ ಪೇಟೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ತುಂಗೆಯ ದಡ ಅವರೇ, ದಯವಿಟ್ಟು ಆ ಮಾತು ಕೇಳಬೇಡಿ. ನಾನು 17 ವರ್ಷದಿಂದ ಇಂಥ ಕೇಸುಗಳನ್ನೇ ನಡೆಸುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದಿ.

ಈ ಅಫಿಡವಿಟ್ ಸುಮ್ನೆ ಹಾಕುವ ಕಾಗದ ಅಲ್ಲ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ರಜನೀಶ್ ವರ್ಸಸ್ ನೇಹಾ ಕೇಸಿನಲ್ಲಿ ಒಂದು ತೀರ್ಪು ಕೊಟ್ಟಿತು. ಜೀವನಾಂಶ ಕೇಳುವವರೂ ಕೊಡಬೇಕಾದವರೂ ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು ಅಂತ ಹೇಳಿ, ಅದಕ್ಕೆ ನಮೂನೆಯನ್ನೂ ಕೊಟ್ಟಿತು. ಅದಕ್ಕಿಂತ ಮೊದಲು ನಾನು ನೋಡಿದ ಕೇಸುಗಳಲ್ಲಿ ಹೆಂಡತಿ 'ಎರಡು ಲಕ್ಷ ದುಡಿಯುತ್ತಾನೆ' ಅನ್ನೋಳು, ಗಂಡ 'ಕೆಲಸವೇ ಇಲ್ಲ' ಅನ್ನೋನು. ನಡುವೆ ಎಲ್ಲೋ ಒಂದು ಅಂದಾಜು ಹಾಕಿ ಆದೇಶ ಆಗೋದು. ತೀರ್ಪು ಬಂದ ಮೇಲೂ ಕೆಳಗಿನ ಕೋರ್ಟುಗಳಲ್ಲಿ ಸರಿಯಾಗಿ ಪಾಲನೆ ಆಗುತ್ತಿಲ್ಲ ಅಂತ ಕಂಡು, 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಅದನ್ನು ಮತ್ತೊಮ್ಮೆ ಎಲ್ಲ ಕಡೆ ಕಳಿಸಿತು.

ಈಗ ನಿಮ್ಮ ಕೇಸಿಗೆ ಬರೋಣ. ಆ ನಮೂನೆಯ ಆಸ್ತಿ ಭಾಗದಲ್ಲಿ ಒಂದು ಪ್ರಶ್ನೆ ಇದೆ, ಜಾಸ್ತಿ ಜನ ಅದನ್ನು ನೋಡೋದೇ ಇಲ್ಲ. ಮದುವೆಯಾದ ಮೇಲೆ ನಿಮ್ಮ ಹೆಸರಿನಲ್ಲಿದ್ದ ಆಸ್ತಿಯನ್ನು ಯಾರಿಗಾದರೂ ಮಾರಿದ್ದೀರಾ, ವರ್ಗ ಮಾಡಿದ್ದೀರಾ, ಮಾಡಿದ್ದರೆ ಯಾಕೆ ಅಂತ ಅಲ್ಲಿ ಬರೆಯಬೇಕು. ನಿಮ್ಮ ಗಂಡ ಆ ಜಾಗದಲ್ಲಿ ಏನು ಬರೆದಿದ್ದಾರೆ ನೋಡಿ. ಖಾಲಿ ಬಿಟ್ಟಿದ್ದರೆ ಅದೇ ನಿಮ್ಮ ಮೊದಲ ಹಿಡಿತ.

ಸೈಟಿನ ಕಾಗದ ತೆಗೆಸೋದು ಕಷ್ಟ ಅಲ್ಲ. ಸೈಟ್ ನಂಬರ್, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಗೊತ್ತಿದ್ದರೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇಸಿಗೆ, ಅಂದರೆ ಋಣಭಾರ ಪ್ರಮಾಣಪತ್ರಕ್ಕೆ, ಅರ್ಜಿ ಹಾಕಿ. 2018ರಿಂದ ಈವರೆಗೆ ಯಾರಿಂದ ಯಾರಿಗೆ ಹೋಗಿದೆ ಅಂತ ಸಾಲು ಸಾಲಾಗಿ ಬರುತ್ತದೆ. ದಾನಪತ್ರವೋ ಕ್ರಯಪತ್ರವೋ ಅದರಲ್ಲೇ ಇರುತ್ತದೆ. ಆ ನೋಂದಣಿ ನಂಬರ್ ಹಿಡಿದು ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ತಗೊಳ್ಳಿ. ಸ್ಥಿರಾಸ್ತಿಯ ನೋಂದಾಯಿತ ಪತ್ರದ ನಕಲನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಕೇಳಬಹುದು. ನೋಂದಣಿ ಕಾಯ್ದೆಯ 57ನೇ ಕಲಂ ಅದನ್ನೇ ಹೇಳುತ್ತದೆ. ಗಂಡನ ಸಹಿ ಬೇಕಿಲ್ಲ, ಅನುಮತಿಯೂ ಬೇಕಿಲ್ಲ.

ದಾನಪತ್ರವೇ ಆಗಿದ್ದರೆ ಅದರ ತಾರೀಖು ನೋಡಿ. ನೀವು ಕಳಿಸಿದ ಲೀಗಲ್ ನೋಟಿಸು ಅವರಿಗೆ ತಲುಪಿದ ಅಕ್ನಾಲೆಜ್‌ಮೆಂಟ್ ಕಾರ್ಡ್ ಇದೆಯಲ್ಲ, ಅದರ ತಾರೀಖಿನ ಪಕ್ಕ ಇಡಿ. ಜೀವನಾಂಶದ ಹಕ್ಕು ಇರುವಾಗ ದುಡ್ಡು ತಗೊಳ್ಳದೆ ಆಸ್ತಿ ಬರೆದುಕೊಟ್ಟರೆ, ಪಡೆದವರ ಮೇಲೂ ಆ ಹಕ್ಕನ್ನು ಚಲಾಯಿಸಬಹುದು ಅನ್ನುವ ವಾದಕ್ಕೆ ಆಸ್ತಿ ವರ್ಗಾವಣೆ ಕಾಯ್ದೆಯ 39ನೇ ಕಲಂನಲ್ಲಿ ಆಧಾರ ಇದೆ. ಅತ್ತೆಯವರು ಅದನ್ನು ಮುಂದೆ ಮಾರದಂತೆ ತಡೆಯಾಜ್ಞೆ ಬೇಕಿದ್ದರೆ ಅವರನ್ನೂ ಕೇಸಿನಲ್ಲಿ ಪಾರ್ಟಿ (ಎದುರುದಾರರು) ಮಾಡಬೇಕಾಗುತ್ತದೆ. ಗಂಡ ಹೆಂಡತಿ ನಡುವಿನ ಆಸ್ತಿ ವ್ಯಾಜ್ಯ ಕೇಳುವ ಅಧಿಕಾರ 1984ರ ಕಾಯ್ದೆಯ 7ನೇ ಕಲಂ ಪ್ರಕಾರ ಕೌಟುಂಬಿಕ ನ್ಯಾಯಾಲಯಕ್ಕೇ ಇದೆ. ಇದನ್ನು ನಿಮ್ಮ ವಕೀಲರ ಜೊತೆ ಕೂತು ಮಾತಾಡಿ.

ಒಂದು ತಪ್ಪು ಆಸೆಯನ್ನೂ ಬಿಡಿಸಿಬಿಡುತ್ತೇನೆ. 'ಗಂಡನ ಆಸ್ತಿಯಲ್ಲಿ ಅರ್ಧ ನನ್ನದು' ಅಂತ ನಮ್ಮಲ್ಲಿ ಕಾನೂನು ಇಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಂಹಿತೆ ಪ್ರಕಾರ ಬೇರೆ ಇದೆ. ನಮ್ಮಲ್ಲಿ ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರದು. ಆದರೆ ಅವರ ಆಸ್ತಿ ಎಷ್ಟು ಅನ್ನೋದು ಜೀವನಾಂಶ ಎಷ್ಟು ಅನ್ನೋದನ್ನು ತೀರ್ಮಾನಿಸುತ್ತದೆ. ನಿಮ್ಮ ಸರ, ಬಳೆಯ ಮಾತು ಬೇರೆ. ಅದು ಸ್ತ್ರೀಧನ, ಪೂರ್ತಿ ನಿಮ್ಮದು. 1985ರಲ್ಲಿ ಪ್ರತಿಭಾ ರಾಣಿ ಕೇಸಿನಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಗಂಡ ಕಷ್ಟಕ್ಕೆ ಬಳಸಿಕೊಂಡರೂ ವಾಪಸ್ ಕೊಡುವ ಹೊಣೆ ಅವನದೇ.

ಟ್ಯೂಷನ್ ಬಗ್ಗೆ: ಪರಿಸ್ಥಿತಿ ಬದಲಾದರೆ ಪೂರಕ ಅಫಿಡವಿಟ್ ಹಾಕಲು ಅದೇ ತೀರ್ಪಿನಲ್ಲಿ ಅವಕಾಶ ಇದೆ. ಹಾಕಿ. 5,400 ಅಂತಲೇ ಬರೆಯಿರಿ. 9 ಮಕ್ಕಳು, ತಲಾ 600 ಅಂತ ಲೆಕ್ಕ ಸಮೇತ ಬರೆಯಿರಿ. ಸುಳ್ಳು ಅಫಿಡವಿಟ್ ಹಾಕಿದವರ ಮೇಲೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 340, ಅದರ ಬದಲಿಗೆ ಬಂದ ಈಗಿನ ಬಿಎನ್‌ಎಸ್‌ಎಸ್‌ನ 379ನೇ ಕಲಂ ಪ್ರಕಾರ ಕ್ರಮ ಕೇಳಬಹುದು. ನಾಳೆ ನೀವು ಅದನ್ನು ಗಂಡನ ಮೇಲೆ ಕೇಳಬೇಕು ಅಂತಿದ್ದರೆ, ನಿಮ್ಮ ಕಾಗದದಲ್ಲಿ ಒಂದು ರೂಪಾಯಿಯೂ ಬಚ್ಚಿಟ್ಟಿರಬಾರದು.

ಗದ್ದೆ ಬಯಲು

ನಾನು ಗಂಡನ ಜಾಗದಲ್ಲಿ ನಿಂತವನು. ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಾನು ಶಿರಸಿ ಕಡೆಯವನು. ಜಮೀನು ಅಪ್ಪ, ನಾನು, ತಮ್ಮನ ಜಂಟಿ ಪಹಣಿಯಲ್ಲಿದೆ. ಕೃಷಿಕರಿಗೆ ಬೇರೆ ನಮೂನೆ ಇದೆ, ಅದನ್ನು ತುಂಬಿದ್ದೆ. ವರ್ಷದ ಆದಾಯ ಒಂದು ಲಕ್ಷ ಅಂತ ಬರೆಸಿದೆ. ಪಿಗ್ಮಿ ಖಾತೆ ಬರೆಯಲಿಲ್ಲ. 'ಬೆಳೆದವನಿಗೆ ಗೊತ್ತು ಎಷ್ಟು ಬೆಳೆದೆ ಅಂತ' ಅನ್ನೋ ಧೈರ್ಯ.

ಕೋರ್ಟಿನಲ್ಲಿ ನನ್ನ ಹೆಂಡತಿ ಒಂದು ಪ್ಲಾಸ್ಟಿಕ್ ಕವರಿನಿಂದ ತಕ್‌ಪಟ್ಟಿ (ಅಡಿಕೆ ಮಾರಿದಾಗ ಕೊಡುವ ತೂಕ, ದರದ ಚೀಟಿ) ತೆಗೆದು ಟೇಬಲ್ ಮೇಲೆ ಇಟ್ಟಳು. ಮನೆಯ ಲೆಕ್ಕ ಬರೆಯುತ್ತಿದ್ದವಳು ಅವಳೇ, ಪ್ರತಿ ವರ್ಷದ್ದೂ ಮಡಚಿ ಇಟ್ಟುಕೊಂಡಿದ್ದಳು. ಒಂದೇ ವರ್ಷ 14 ಕ್ವಿಂಟಾಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ್ದೆ, ಐದೂವರೆ ಲಕ್ಷಕ್ಕೂ ಮೇಲೆ. ಅದರ ಹಿಂದೆಯೇ ಬೆಳೆ ಸಾಲದ ಅರ್ಜಿಯ ನಕಲು. ಅಲ್ಲಿ ನಾನೇ ಒಂದೂವರೆ ಎಕರೆ ಅಡಿಕೆ ಅಂತ ಸಹಿ ಹಾಕಿದ್ದೆ. ನ್ಯಾಯಾಧೀಶರು ಎರಡೂ ಹಾಳೆ ನೋಡಿ, 'ಬ್ಯಾಂಕಿಗೆ ಹೇಳಿದ್ದು ನಿಜವೋ ನಮಗೆ ಹೇಳಿದ್ದು ನಿಜವೋ' ಅಂತ ಕೇಳಿದರು. ಅಷ್ಟೇ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಖರ್ಚು ಕಳೆದರೆ ಉಳಿಯುವುದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕೊಯ್ಲು, ಸುಲಿಯುವ ಕೂಲಿ, ಗೊಬ್ಬರ, ಔಷಧಿ ಹೊಡೆಸಿದ್ದು ಎಲ್ಲ ಇತ್ತು. ಅದನ್ನು ಮೊದಲೇ ಬರೆದಿದ್ದರೆ ಒಪ್ಪುತ್ತಿದ್ದರು. ಒಂದು ಸುಳ್ಳು ಸಿಕ್ಕಿಬಿದ್ದ ಮೇಲೆ ನನ್ನ ನಿಜವಾದ ಖರ್ಚನ್ನೂ ಯಾರೂ ನಂಬಲಿಲ್ಲ. ನನ್ನ ಮಗ ಆ ದಿನ ಹೊರಗಿನ ಬೆಂಚಿನ ಮೇಲೆ ಅವನ ಅಜ್ಜಿ ಪಕ್ಕ ಕೂತಿದ್ದ. ಅವನ ಮುಖ ನೋಡುವ ಧೈರ್ಯ ಬರಲಿಲ್ಲ.

ತಂಗಿ, ನಿನ್ನ ಗಂಡನ ಮನೆಯಲ್ಲಿ ಇದ್ದಾಗ ನೀನು ಬರೆದಿಟ್ಟ ಲೆಕ್ಕದ ಪುಸ್ತಕ, ಹಳೇ ರಸೀದಿ ಏನಾದರೂ ಇದೆಯಾ ಹುಡುಕು.

ಲೆಕ್ಕದ ಪುಸ್ತಕ

ಗದ್ದೆ ಬಯಲು ಅವರು ಬರೆದದ್ದಕ್ಕೆ ತುಂಬಾ ಧನ್ಯವಾದ. ಸುಲಭದ ಮಾತಲ್ಲ.

ನಾನು ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಸಾಲದ ವಿಭಾಗದಲ್ಲೇ ಜಾಸ್ತಿ ಇದ್ದೆ. ಅನುಭವದಿಂದ ಒಂದು ಮಾತು ಹೇಳುತ್ತೇನಮ್ಮ. ಮನುಷ್ಯ ಸಾಲ ಕೇಳುವಾಗ ತನ್ನ ಆದಾಯವನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳುತ್ತಾನೆ, ಜೀವನಾಂಶ ಕೊಡುವಾಗ ಚಿಕ್ಕದು ಮಾಡುತ್ತಾನೆ. ಎರಡಕ್ಕೂ ಸಹಿ ಒಂದೇ. ನಿನ್ನ ಗಂಡ ಕಾರಿಗೋ ಅಂಗಡಿಗೋ ಸಾಲ ತಗೊಂಡಿದ್ದರೆ ಆ ಅರ್ಜಿ ಬ್ಯಾಂಕಿನ ಕಡತದಲ್ಲಿದೆ. ಅದರ ಜೊತೆ ಐಟಿ ರಿಟರ್ನ್ಸ್, ಅಂಗಡಿಯ ಬ್ಯಾಲೆನ್ಸ್ ಶೀಟ್ ಇಟ್ಟಿರುತ್ತಾರೆ. ನಿನಗೆ ನೇರವಾಗಿ ಕೊಡೋದಿಲ್ಲ. ಕೋರ್ಟಿನ ಸಮನ್ಸ್ ಹೋದರೆ ಮ್ಯಾನೇಜರ್ ತಂದು ಹಾಜರುಪಡಿಸಲೇಬೇಕು.

ಅಫಿಡವಿಟ್ ಜೊತೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟಿದ್ದಾರಾ? ಕೊಟ್ಟಿದ್ದರೆ ಒಂದು ಸ್ಕೇಲು, ಪೆನ್ಸಿಲ್ ಹಿಡಿದು ಕೂತ್ಕೋ. ದೊಡ್ಡ ಮೊತ್ತ ಹುಡುಕಬೇಡ, ಅದು ಅಲ್ಲಿ ಇರೋದಿಲ್ಲ. ತಿಂಗಳು ತಿಂಗಳು ತಪ್ಪದೆ ಹೋಗುವ ಮೊತ್ತ ಹುಡುಕು: ಇಎಂಐ, ಎಲ್‌ಐಸಿ ಪ್ರೀಮಿಯಂ, ಚೀಟಿ ಕಂತು, ಕ್ರೆಡಿಟ್ ಕಾರ್ಡ್ ಬಿಲ್ಲು. ಇನ್ನೊಂದು ಖಾತೆಗೆ ದುಡ್ಡು ಹೋಗಿದ್ದರೆ ಆ ಖಾತೆ ಅಫಿಡವಿಟ್‌ನಲ್ಲಿ ಇದೆಯಾ ನೋಡು. 'ಸಂಬಳ' ಅಂತ ಜಮಾ ಆಗೋದು ಯಾವ ತಿಂಗಳಿಂದ ಶುರುವಾಗಿದೆ ಅನ್ನೋದನ್ನಂತೂ ಮರೆಯದೆ ಗುರುತು ಹಾಕು.

ಅಂಗಡಿಯ ಒಂದು ಹಳೇ ಬಿಲ್ಲು ಇದ್ದರೆ ಅದರಲ್ಲಿ ಜಿಎಸ್‌ಟಿ ನಂಬರ್ ಇರುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೇ ಆ ನಂಬರ್ ಹಾಕಿದರೆ ಅದು ಒಬ್ಬರ ವ್ಯಾಪಾರವೋ ಪಾಲುದಾರಿಕೆಯೋ ಅಂತ ತೋರಿಸುತ್ತದೆ. ಪಾಲುದಾರನಾಗಿದ್ದರೆ ಅವನು ಸೂಪರ್‌ವೈಸರ್ ಹೇಗಾದಾನು?

ಇನ್ನೊಂದು ಕಡೆ

ಎಲ್ಲರೂ ಗಂಡಂದಿರೇ ಮುಚ್ಚಿಡುತ್ತಾರೆ ಅನ್ನುವ ಹಾಗೆ ಮಾತು ಹೋಗ್ತಿದೆ. ನನ್ನ ಹೆಂಡತಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ. ಅಫಿಡವಿಟ್‌ನಲ್ಲಿ 'ಗೃಹಿಣಿ' ಅಂತ ಬರೆದಿದ್ದಾಳೆ. ನಾನು ನನ್ನ ಪೇ ಸ್ಲಿಪ್, ಪಿಎಫ್, ಮನೆ ಸಾಲ ಎಲ್ಲ ಕೊಟ್ಟಿದ್ದೇನೆ. ಅಪ್ಪನ ಡಯಾಲಿಸಿಸ್ ಖರ್ಚು ಕೂಡ ಬಿಲ್ಲು ಸಮೇತ ಕೊಟ್ಟೆ. ರಾತ್ರಿ ನಿದ್ದೆ ಬರೋದಿಲ್ಲ. ನನ್ನಂಥವರಿಗೆ ಏನು ದಾರಿ?

ಕಪ್ಪು ಕೋಟು

ದಾರಿ ಅದೇ, ಸರ್. ಅಫಿಡವಿಟ್ ಇಬ್ಬರಿಗೂ ಒಂದೇ. ಅದರಲ್ಲಿ ಎದುರಿನವರ ಆದಾಯ, ಆಸ್ತಿ ಬಗ್ಗೆ ನಿಮಗೆ ಗೊತ್ತಿರುವುದನ್ನು ಬರೆಯಲು ಪ್ರತ್ಯೇಕ ಭಾಗ ಇದೆ. ಕಂಪನಿಯ ಹೆಸರು, ವಿಳಾಸ ಅಲ್ಲಿ ಬರೆಯಿರಿ. ಆಮೇಲೆ ಕಂಪನಿಗೆ ಸಮನ್ಸ್ ಕೊಡಿಸಲು ಅರ್ಜಿ ಹಾಕಿ. ಓದಿದ್ದಾಳೆ, ದುಡಿಯುವ ಶಕ್ತಿ ಇದೆ ಅನ್ನೋದೊಂದೇ ಜೀವನಾಂಶ ನಿರಾಕರಿಸಲು ಸಾಲದು. ಆದರೆ ದುಡಿಯುತ್ತಿದ್ದೂ ಇಲ್ಲ ಅಂತ ಪ್ರಮಾಣ ಮಾಡಿದರೆ ಅದು ಪೂರ್ತಿ ಬೇರೆ ವಿಷಯ. ಹೆತ್ತವರನ್ನು ನೋಡಿಕೊಳ್ಳುವ ಖರ್ಚನ್ನೂ ಕೋರ್ಟ್ ಪರಿಗಣಿಸುತ್ತದೆ. ಬಿಲ್ಲು ಕೊಟ್ಟದ್ದು ಒಳ್ಳೆಯದಾಯಿತು.

ಇಬ್ಬರಿಗೂ ಒಂದು ಎಚ್ಚರಿಕೆ. ಅವರ ಇ-ಮೇಲ್ ಪಾಸ್‌ವರ್ಡ್ ನಿಮಗೆ ನೆನಪಿರಬಹುದು. ಒಳಗೆ ಹೋಗಬೇಡಿ. ನೆಟ್ ಬ್ಯಾಂಕಿಂಗ್ ಅಂತೂ ಮುಟ್ಟಲೇಬೇಡಿ. ಹಾಗೆ ತಂದ ಕಾಗದದಿಂದ ನಿಮ್ಮ ಮೇಲೆಯೇ ಕೇಸಾಗಬಹುದು. ಕೋರ್ಟಿನ ಮೂಲಕ ತರಿಸಿದ ಕಾಗದಕ್ಕೆ ಇರುವ ಬೆಲೆಯೇ ಬೇರೆ.

ಬೇ ಏರಿಯಾ ಕನ್ನಡತಿ

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ನನ್ನ ಗೆಳತಿಯ ಕೇಸಿಗೆ ಜೊತೆಯಾಗಿ ಓಡಾಡಿದ್ದೆ, ಅದರಿಂದ ತಿಳಿದದ್ದು ಬರೆಯುತ್ತೇನೆ.

ಇಲ್ಲಿನ ಲೆಕ್ಕ ಬೇರೆ. ಮದುವೆಯಾದ ಮೇಲೆ ಇಬ್ಬರಲ್ಲಿ ಯಾರು ದುಡಿದು ಮಾಡಿದ್ದರೂ ಅದು ಇಬ್ಬರಿಗೂ ಸಮಪಾಲು. ಡೈವೋರ್ಸ್ ಅರ್ಜಿಯ ಸಮನ್ಸ್ ಕೈಗೆ ಬಂದ ಕ್ಷಣದಿಂದ ಇಬ್ಬರೂ ಆಸ್ತಿ ಮಾರುವಂತಿಲ್ಲ, ವರ್ಗ ಮಾಡುವಂತಿಲ್ಲ. ಆ ತಡೆ ಸಮನ್ಸ್‌ನಲ್ಲೇ ಅಚ್ಚಾಗಿರುತ್ತದೆ, ಬೇರೆ ಅರ್ಜಿ ಬೇಕಿಲ್ಲ. ತುಂಗೆಯ ದಡ ಅವರ ಸೈಟಿನ ಕಥೆ ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ. ನಮ್ಮ ದೇಶದಲ್ಲೂ ಆ ಒಂದು ಸಾಲು ಇದ್ದಿದ್ದರೆ!

ಇಲ್ಲಿ ಎಲ್ಲರೂ ಹೇಳುವ ಒಂದು ಕೇಸಿದೆ. 1996ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಕಡೆಯ ಹೆಂಗಸೊಬ್ಬರಿಗೆ ಲಾಟರಿಯಲ್ಲಿ ಸುಮಾರು 13 ಲಕ್ಷ ಡಾಲರ್ ಪಾಲು ಬಂತು. ಗಂಡನಿಗೆ ಹೇಳದೆ ಕೆಲವೇ ದಿನಗಳಲ್ಲಿ ಡೈವೋರ್ಸ್‌ಗೆ ಅರ್ಜಿ ಹಾಕಿದರು. ಆಸ್ತಿ ಪಟ್ಟಿಯಲ್ಲಿ ಲಾಟರಿ ಬರೆಯಲೇ ಇಲ್ಲ. ಎರಡು ವರ್ಷ ಕಳೆದ ಮೇಲೆ ಲಾಟರಿಗೆ ಸಂಬಂಧಿಸಿದ ಒಂದು ಕಾಗದ ಗಂಡನ ಮನೆ ವಿಳಾಸಕ್ಕೆ ಬಂತು. ಹೇಳಿದ್ದರೆ ಅರ್ಧ ಉಳಿಯುತ್ತಿತ್ತು. ಮುಚ್ಚಿಟ್ಟಿದ್ದಕ್ಕೆ ಕೋರ್ಟ್ ಅಷ್ಟನ್ನೂ ಗಂಡನಿಗೆ ಕೊಟ್ಟಿತು. 2001ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು.

ನನ್ನ ಗೆಳತಿಯ ಗಂಡ ಮೈಸೂರಿನ ಸೈಟನ್ನು ಪಟ್ಟಿಯಲ್ಲಿ ಬಿಟ್ಟಿದ್ದ. ಇಂಡಿಯಾದ ಆಸ್ತಿ ಇಲ್ಲಿಯವರಿಗೆ ಹೇಗೆ ಗೊತ್ತಾಗುತ್ತೆ ಅಂತ. ಅವಳ ಅಣ್ಣ ಊರಲ್ಲಿ ಕೂತು ಇಸಿ ತೆಗೆಸಿ ಕಳಿಸಿದ. ಹಾಗಾಗಿ ಮೇಲೆ ಹೇಳಿದ ಆ ಇಸಿ ಎಲ್ಲಿದ್ದವರಿಗೂ ಉಪಯೋಗಕ್ಕೆ ಬರುತ್ತದೆ.

ತುಂಗೆಯ ದಡ

ಎಲ್ಲರ ಮಾತೂ ಓದಿದೆ. ಎರಡು ಸಲ ಓದಿದೆ. ಟ್ಯೂಷನ್ ಬರೆಯುತ್ತೇನೆ. ಚಿಕ್ಕಪ್ಪನಿಗೂ ಹೇಳಿದೆ, ಅವರಿಗೆ ಸಮಾಧಾನ ಇಲ್ಲ. ವಕೀಲರ ಫೀಸು ಮುಂದೆ ಹೇಗೆ ಅನ್ನೋದೇ ಚಿಂತೆ.

ಕಪ್ಪು ಕೋಟು

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ತುಂಗೆಯ ದಡ (ಏಳು ವಾರದ ನಂತರ)

ಇವತ್ತು ಆದೇಶ ಆಯ್ತು. ನಿಮಗೆಲ್ಲ ಹೇಳಬೇಕು ಅಂತ ಬಸ್ಸಿನಲ್ಲೇ ಕೂತು ಬರೀತಿದ್ದೇನೆ.

ಇಸಿ ಬಂತು. ದಾನಪತ್ರವೇ. ನಕಲು ತಗೊಂಡೆ. ನೋಟಿಸು ಅವರ ಕೈ ಸೇರಿ 16ನೇ ದಿನಕ್ಕೆ ಸೈಟು ಅತ್ತೆ ಹೆಸರಿಗೆ ಹೋಗಿದೆ. ಸೊಸೈಟಿಯಲ್ಲಿ ಹಳೇ ಅಡವಿನ ಚೀಟಿಯ ನಕಲು ಕೊಟ್ಟರು. 'ಎರಡೆಳೆ ಸರ 1, ಬಳೆ 4' ಅಂತ ನನ್ನ ಹೆಸರಿನಲ್ಲೇ ಇದೆ, ನನ್ನ ಸಹಿಯೂ ಇದೆ. ಸಾಲದ ದುಡ್ಡು ತಗೊಂಡ ತಾರೀಖು, ಕ್ರಯಪತ್ರದ ತಾರೀಖು ನಾಲ್ಕೇ ದಿನ ವ್ಯತ್ಯಾಸ.

ಲೆಕ್ಕದ ಪುಸ್ತಕ ಅಂಕಲ್, ನೀವು ಹೇಳಿದ ಹಾಗೆ ಸ್ಕೇಲು ಇಟ್ಟುಕೊಂಡು ಸಾಲು ಸಾಲಾಗಿ ನೋಡಿದೆ. 18,000 ಸಂಬಳ ಅಂತ ಜಮಾ ಆಗೋದು ನೋಟಿಸು ಹೋದ ಮುಂದಿನ ತಿಂಗಳಿಂದ, ಒಂದನೇ ತಾರೀಖು ತಪ್ಪದೆ. ಅದಕ್ಕೆ ಹಿಂದೆ ಒಂದು ತಿಂಗಳೂ ಇಲ್ಲ! ಕಾರಿನ ಕಂತು ಒಂದಕ್ಕೇ 14,200 ಹೋಗುತ್ತಿದೆ. ಉಳಿದ 3,800ರಲ್ಲಿ ಒಬ್ಬ ಮನುಷ್ಯ ಹೇಗೆ ಬದುಕುತ್ತಾನೆ ಅಂತ ನಮ್ಮ ವಕೀಲರು ಕೇಳಿದರು.

ಆಗ ಅವರ ವಕೀಲರು ಎದ್ದು ಒಂದು ಫೋಟೋ ಕೊಟ್ಟರು. ನಮ್ಮ ಅಪ್ಪನ ಮನೆ ಬಾಗಿಲು, ಹೊರಗೆ ಸಾಲಾಗಿ ಬಿಟ್ಟ ಮಕ್ಕಳ ಚಪ್ಪಲಿ. 'ಇವರು ಟ್ಯೂಷನ್ ನಡೆಸುತ್ತಾರೆ, ಕೋರ್ಟಿಗೆ ಸುಳ್ಳು ಹೇಳಿದ್ದಾರೆ' ಅಂದರು. ನನ್ನ ಎದೆ ಡವಡವ ಅಂತಿತ್ತು. ನಮ್ಮ ವಕೀಲರು ಪೂರಕ ಅಫಿಡವಿಟ್‌ನ ಮೂರನೇ ಪ್ಯಾರಾ ತೋರಿಸಿದರು. 9 ಮಕ್ಕಳು, ತಲಾ 600. ನ್ಯಾಯಾಧೀಶರು ಫೋಟೋದಲ್ಲಿ ಎಷ್ಟು ಜೋಡಿ ಚಪ್ಪಲಿ ಇದೆ ಅಂತ ಎಣಿಸಿದರು, ನಿಜವಾಗಿಯೂ ಎಣಿಸಿದರು. ಒಂಬತ್ತೇ ಇತ್ತು. ಫೋಟೋ ಪಕ್ಕಕ್ಕಿಟ್ಟು ಅವರ ವಕೀಲರನ್ನೇ ದಾನಪತ್ರದ ಬಗ್ಗೆ ಕೇಳಲು ಶುರು ಮಾಡಿದರು.

ಮಧ್ಯಂತರ ಜೀವನಾಂಶ ನನಗೆ 8,000, ಮಗಳಿಗೆ 7,000. ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಸಾಲದ ಕಡತ ತರಲು ಬ್ಯಾಂಕಿಗೆ ಸಮನ್ಸ್ ಹೋಗುತ್ತದೆ. ಸೈಟಿನ ಬಗ್ಗೆ ಅತ್ತೆಗೆ ನೋಟಿಸು. ಸರ, ಬಳೆ ವಿಷಯ ಮುಂದೆ ವಿಚಾರಣೆಯಲ್ಲಿ.

ಹಳೇ ಪೇಟೆ

ಮೇಡಂ, ನನ್ನ ಸಲಹೆ ತಪ್ಪಾಗಿತ್ತು. ತಂಗಿಗೂ ಇದನ್ನು ಓದಿ ಹೇಳಿದೆ. ಅವಳ ಗಂಡನದೂ ಟ್ರ್ಯಾಕ್ಟರ್ ಸಾಲ ಇದೆ, ಆ ಅರ್ಜಿ ತರಿಸೋಕೆ ಏನು ಮಾಡಬೇಕು?

ಕಪ್ಪು ಕೋಟು

ಸಾಲ ಯಾವ ಬ್ಯಾಂಕು, ಯಾವ ಶಾಖೆ, ಯಾವ ವರ್ಷ ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಟ್ರ್ಯಾಕ್ಟರಿನ ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇರುತ್ತದೆ. ಅಷ್ಟು ಇದ್ದರೆ ಸಮನ್ಸ್ ಅರ್ಜಿ ಒಂದು ಪುಟ.

ತುಂಗೆಯ ದಡ ಅವರೇ, ತುಂಬಾ ಸಂತೋಷ. ಆದೇಶದ ದೃಢೀಕೃತ ನಕಲಿಗೆ ಇವತ್ತೇ ಅರ್ಜಿ ಹಾಕಿದ್ರಾ? ಅವರು ಕೊಡದೆ ಎಳೆದರೆ ವಸೂಲಿ ಅರ್ಜಿಗೆ ಅದು ಬೇಕೇ ಬೇಕು.

ತುಂಗೆಯ ದಡ

ಹಾಕಿದೆ ಸರ್. ಗುರುವಾರ ಬನ್ನಿ ಅಂದಿದ್ದಾರೆ. ಟ್ಯೂಷನ್ನಿಗೆ ಆ ದಿನ ರಜೆ ಹೇಳಿದ್ದೇನೆ.